ಕೋಟೆ ಗಂಟ ಬುಟ್ರೆ ಸಾಕು

ಎಲ್ಲ ತಾಪತ್ರಯಕ್ಕೂ ಕಾರಣವಾದದ್ದು ಒಂದು ವಾಟ್ಸಾಪ್ ಸ್ಟೇಟಸ್ಸು. ‘ನಾಳೆ ಬೆಳಗ್ಗೆ ಕನ್ಯಾಕುಮಾರಿಗೆ. ನಾನು, ನನ್ನ ಬೈಕು, ರಸ್ತೆ. ಮತ್ಯಾರೂ ಇಲ್ಲ.’ ಬೆಟ್ಟದಪುರದ ಸೊಸೈಟಿಯಲ್ಲಿ ಗುಮಾಸ್ತನಾಗಿರುವ ವಿರೂಪಾಕ್ಷ ಇದನ್ನು ಊರಿಗೆಲ್ಲ ಕಾಣುವ ಹಾಗೆ ಹಾಕಿ, ಯಾರ್ಯಾರು ನೋಡಿದರು ಎಂದು ನಡುನಡುವೆ ಎದ್ದು ನೋಡುತ್ತಾ ಮಲಗಿದ.

ಈ ಪ್ರಯಾಣದ ವಿಷಯವನ್ನು ಅವನು ಎಷ್ಟು ವರ್ಷಗಳಿಂದ ಹೇಳುತ್ತಿದ್ದನೆಂದರೆ, ಬೆಟ್ಟಸ್ವಾಮಿಯ ಟೀ ಅಂಗಡಿಯಲ್ಲಿ ಅವನ ಹೆಸರೇ ‘ಕನ್ಯಾಕುಮಾರಿ’ ಎಂದಾಗಿಬಿಟ್ಟಿತ್ತು. “ಕನ್ಯಾಕುಮಾರಿಗೊಂದು ಟೀ ಕೊಡ್ಲಾ” ಎಂದರೆ ವಿರೂಪಾಕ್ಷ ಬಂದಿದ್ದಾನೆಂದು ಅರ್ಥ. ಈ ದಸರಾ ರಜೆಯಲ್ಲಿ ಆ ಹೆಸರು ತೊಳೆದುಹಾಕಲೇಬೇಕೆಂದು ಅವನು ಹಟ ತೊಟ್ಟಿದ್ದ. ಆನ್‌ಲೈನಿನಲ್ಲಿ ದಪ್ಪನೆಯ ಜಾಕೆಟ್ಟು, ಕೈಗವಸು, ಮಂಡಿಗೆ ಕಟ್ಟುವ ಕಪ್ಪು ಚಿಪ್ಪು ಎಲ್ಲ ತರಿಸಿದ್ದ.

ಬೆಳಗ್ಗೆ ಅವೆಲ್ಲವನ್ನೂ ಹಾಕಿಕೊಂಡು ನಿಂತಾಗ ಹೆಂಡತಿ ಉಷಾರಾಣಿ ಮೇಲಿಂದ ಕೆಳಗೆ ನೋಡಿ, “ಊರು ನೋಡಕ್ಕೋಯ್ತಿದ್ದೀರೋ, ಚಿರತೆ ಹಿಡಿಯಕ್ಕೋಯ್ತಿದ್ದೀರೋ?” ಎಂದಳು. ವಿರೂಪಾಕ್ಷ ಗಂಭೀರವಾಗಿ ಬಾಗಿಲು ತೆರೆದ.

ಜಗಲಿಯ ಮೇಲೆ ಸುಂದ್ರಮ್ಮ ಕೂತಿದ್ದಳು. ಅವನ ಸೋದರತ್ತೆ. ಪಕ್ಕದಲ್ಲಿ ಉಬ್ಬಿದ ಒಂದು ಚೀಲ, ಅದರ ಹಿಡಿಗೆ ಕಟ್ಟಿದ ಖಾಲಿ ಪ್ಲಾಸ್ಟಿಕ್ ಕ್ಯಾನು.

“ಏನತ್ತೆ, ಇಷ್ಟೊತ್ಗೇ?”

“ನೀನು ಎಲ್ಲಿಗೋ ಹೊಂಟಿದ್ದೀಯಂತಲ್ಲ. ಅಂಗೇ ನನ್ನ ಕೆ.ಆರ್. ನಗರ ಗಂಟ ಬುಟ್ಬುಡು. ನಮ್ ಮೈದ್ನ ಪುಟ್ಟಮಲ್ಲಪ್ಪನ್ ನೋಡಿ ವರ್ಸಾಯ್ತು.”

“ಕೆ.ಆರ್. ನಗರ ಆ ಕಡೀಕೈತೆ. ನಾನೋಗೋದು ಈ ಕಡೀಕೆ.”

“ಎಲ್ಲಾ ರೋಡೂ ಮುಂದೆಲ್ಲೋ ಸೇರ್ಕತವೆ ಬುಡ್ಲಾ.”

“ಬಸ್ಸಲ್ಲಿ ಹೆಂಗಸ್ರಿಗೆ ಫ್ರೀ ಅಲ್ವಾ ಅತ್ತೆ?”

“ಫ್ರೀ ಅಂತ್ಲೇ ನಿಂತ್ಕಳಕ್ಕೂ ಜಾಗಿಲ್ಲ ಕಣ್ಲಾ.”

ವಿರೂಪಾಕ್ಷನಿಗೆ ಬೇರೆ ಯಾರಿಗಾದರೂ ಇಲ್ಲವೆನ್ನುವ ಧೈರ್ಯವಿತ್ತು, ಅತ್ತೆಗೆ ಮಾತ್ರ ಇರಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಅವನಿಗೆ ತಲೆ ಬಾಚಿ, ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸಿದವಳು ಅವಳು. ಚೀಲ ಎತ್ತಿದ. ಒಂದು ದಿನಕ್ಕೆ ಹೋಗುವವರ ಚೀಲಕ್ಕಿಂತ ಅದು ಬಹಳ ಭಾರವಾಗಿತ್ತು.

“ಈ ಖಾಲಿ ಕ್ಯಾನ್ ಯಾಕತ್ತೆ?”

“ಇರ್ಲಿ ಬುಡು, ಬೇಕಾಯ್ತದೆ.”

ಉಷಾರಾಣಿಯ ಹೆಲ್ಮೆಟ್ಟನ್ನು ತುರುಬಿನ ಮೇಲೆ ಒತ್ತಿ ಕೂರಿಸಿಕೊಂಡು, ಒಂದೇ ಕಡೆಗೆ ಕಾಲು ಇಳಿಬಿಟ್ಟು ಅತ್ತೆ ಹಿಂದೆ ಕೂತಳು. ಬೆಟ್ಟಸ್ವಾಮಿ ಟೀ ಸೋಸುತ್ತಿದ್ದವನು ಹಾಗೇ ನಿಂತು, “ಏನ್ ಕನ್ಯಾಕುಮಾರಿ, ಒಬ್ನೇ ಅಂದಿದ್ದೆ?” ಎಂದು ಕೂಗಿದ. ವಿರೂಪಾಕ್ಷ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡ.

ಕೆ.ಆರ್. ನಗರದಲ್ಲಿ ಪುಟ್ಟಮಲ್ಲಪ್ಪ ಅವರನ್ನು ಸುಲಭಕ್ಕೆ ಬಿಡಲಿಲ್ಲ. ತಟ್ಟೆಯಲ್ಲಿ ದೋಸೆ ಮುಗಿಯುವ ಮೊದಲೇ ಇನ್ನೊಂದು ಬೀಳುತ್ತಿತ್ತು. ಹೊರಡುವಾಗ ನೋಡಿದರೆ, ಬೈಕಿನ ಪಕ್ಕಕ್ಕೆ ಒಂದು ಹೊರೆ ಕಬ್ಬು ಕಟ್ಟಿಯಾಗಿತ್ತು.

“ಇದೇನು ಮಾವ?”

“ಎಚ್.ಡಿ. ಕೋಟೇಲಿ ನಿಮ್ಮತ್ತೆ ಮೊಮ್ಮಗಳು ರೂಪಶ್ರೀ ಅವ್ಳಲ್ವಾ, ಅವ್ಳಿಗೆ. ಹೆಂಗೂ ಆ ಕಡೀಕೇ ಹೋಯ್ತಿದ್ದೀಯಲ್ಲ.”

ವಿರೂಪಾಕ್ಷ ಅತ್ತೆಯ ಕಡೆ ತಿರುಗಿದ. ಅವಳಾಗಲೇ ಹೆಲ್ಮೆಟ್ ಹಾಕಿಕೊಂಡಿದ್ದಳು. “ಅಂಗೇ ಹುಣಸೂರು ಗಂಟ ಬುಟ್ಬುಡು ಕಣ್ಲಾ. ಅಲ್ಲಿಂದ ನಾನೆಂಗೋ ಹೋಯ್ತೀನಿ.”

ಹುಣಸೂರಿನಲ್ಲಿ ಅತ್ತೆಯ ತಂಗಿಯ ಗಂಡ ರುದ್ರಸ್ವಾಮಿ. ಲಾರಿ ಓಡಿಸಿ ನಿವೃತ್ತನಾದವನು. ಅವನು ಬೈಕಿನ ಸುತ್ತ ಪ್ರದಕ್ಷಿಣೆ ಹಾಕಿ, ಟಯರಿಗೆ ಎರಡು ಸಲ ಒದ್ದು, “ಈ ಗಾಡಿ ಕನ್ಯಾಕುಮಾರಿ ಮುಟ್ತದೆ. ನೀನು ಮುಟ್ಟೋದು ಅನುಮಾನ” ಎಂದ. ಆಮೇಲೆ ಹಿತ್ತಲಿಗೆ ಹೋಗಿ ಎರಡು ಕೈಯಲ್ಲೂ ಹೊತ್ತು ತಂದದ್ದು ಒಂದು ಸಿಹಿಗುಂಬಳಕಾಯಿ. ಅದು ಎಳೆಯ ಕರುವಿನಷ್ಟು ತೂಗುತ್ತಿತ್ತು. ಅದೂ ರೂಪಶ್ರೀಗೇ. ವಿರೂಪಾಕ್ಷನ ಐದು ದಿನದ ಬಟ್ಟೆಯಿದ್ದ ಬ್ಯಾಗು ಪೆಟ್ರೋಲ್ ಟ್ಯಾಂಕಿನ ಮೇಲೆ ಬಂದಿತು. ಕುಂಬಳಕಾಯಿ ಹಿಂದಿನ ಕ್ಯಾರಿಯರಿನಲ್ಲಿ ರಾಜನ ಹಾಗೆ ಕೂತಿತು.

“ಕೋಟೆ ಗಂಟ ಬುಟ್ರೆ ಸಾಕು” ಎಂದಳು ಅತ್ತೆ. ವಿರೂಪಾಕ್ಷ ಗಾಡಿ ಸ್ಟಾರ್ಟ್ ಮಾಡಿದ.

ಕೋಟೆ ರಸ್ತೆಯ ತಿರುವಿನಲ್ಲಿ ಒಬ್ಬ ಹೆಂಗಸು ಕೈ ಅಡ್ಡಹಾಕಿ ನಿಲ್ಲಿಸಿದಳು. “ಕುಂಬಳಕಾಯಿ ಹೆಂಗೆ ಕೊಡ್ತೀಯಪ್ಪಾ?”

“ಮಾರಕ್ಕಲ್ಲ ಕಣಮ್ಮ, ನಾನು ಟೂರ್ ಹೊಂಟಿದ್ದೀನಿ!”

“ಕುಂಬಳಕಾಯಿ ಕರ್ಕೊಂಡಾ?” ಎಂದು ಅವಳು ನಕ್ಕುಬಿಟ್ಟಳು.

ಅಷ್ಟು ಸಾಲದು ಎಂಬಂತೆ, ಎದುರಿನಿಂದ ಅವನಂಥದೇ ಜಾಕೆಟ್ ತೊಟ್ಟ ಬೈಕ್ ಸವಾರರ ಗುಂಪೊಂದು ಬಂತು. ದೂರದಿಂದ ಅವನಿಗೆ ಸಲಾಮು ಹೊಡೆದವರು, ಹತ್ತಿರ ಬಂದಾಗ ಕಬ್ಬನ್ನೂ ಕುಂಬಳಕಾಯಿಯನ್ನೂ ನೋಡಿ ಗಾಡಿ ನಿಲ್ಲಿಸಿದರು. ವಿರೂಪಾಕ್ಷನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅವರು ಅವನನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಅಜ್ಜಿ, ಸೂಪರ್!” ಎಂದು ಅತ್ತೆಯ ಜೊತೆ ಸೆಲ್ಫಿಗೆ ಮುಗಿಬಿದ್ದರು. ಅತ್ತೆ ಅವರಿಗೆಲ್ಲ ಕಬ್ಬು ಮುರಿದುಕೊಟ್ಟಳು. ಕ್ಯಾಮೆರಾ ಹಿಡಿಯುವ ಕೆಲಸ ವಿರೂಪಾಕ್ಷನಿಗೆ ಬಂತು.

ಅವರು ಹೋದಮೇಲೆ ಇಬ್ಬರೂ ಒಂದು ಮರದ ನೆರಳಲ್ಲಿ ಕೂತರು. ಹೊಲದ ತುಂಬ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಹೊಗೆಸೊಪ್ಪು ಹದಮಾಡುವ ಯಾವುದೋ ಬ್ಯಾರನ್ ಮನೆಯಿಂದ ಸೊಪ್ಪು ಬೇಯುವ ಘಾಟು ಗಾಳಿಯಲ್ಲಿ ತೇಲಿ ಬರುತ್ತಿತ್ತು.

“ಬಸ್ಸಲ್ಲಿ ಒಂದ್ ಕಿಟಕಿ ಸಿಕ್ರೆ ಪುಣ್ಯ” ಎಂದಳು ಅತ್ತೆ. “ಇದ್ರಲ್ಲಿ ಸುತ್ತಾ ಕಿಟಕೀನೇ ಕಣ್ಲಾ ವಿರೂಪ. ನಿಮ್ಮಾವ ನಲವತ್ತು ವರ್ಸ ಸಂಸಾರ ಮಾಡ್ದ. ನಾನು ಕಂಡ ದೂರದೂರು ಅಂದ್ರೆ ಮೈಸೂರಾಸ್ಪತ್ರೆ. ಇವತ್ತು ಎಷ್ಟೊಂದು ನೋಡ್ದೆ ಮಗ. ನಿನ್ ಹೊಟ್ಟೆ ತಣ್ಣಗಿರ್ಲಿ.”

ಬೆಳಗ್ಗೆಯಿಂದ ವಿರೂಪಾಕ್ಷ ನೋಡಿದ್ದು ಕಿಲೋಮೀಟರಿನ ಮುಳ್ಳನ್ನು ಮಾತ್ರ. ಹುಚ್ಚೆಳ್ಳು ಹೂ ಬಿಟ್ಟಿದೆಯೆಂಬುದು ಗಾಡಿ ನಿಂತಮೇಲೆ ಕಂಡಿತ್ತು. ಇಷ್ಟು ಕಾಲ ತಾನು ಕನಸು ಕಂಡ ಟೂರು ಇದೇ ಇರಬೇಕು, ಅದನ್ನು ಅತ್ತೆ ತೋರಿಸಿಕೊಟ್ಟಳು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

“ನಮ್ ರೂಪನೂ ಬೈಕ್ ಓಡ್ಸ್ತಾಳೆ ಕಣ್ಲಾ” ಎಂದಳು ಅತ್ತೆ ಮತ್ತೆ ಗಾಡಿ ಹತ್ತುತ್ತಾ.

“ಸ್ಕೂಟಿ ಓಡ್ಸೋದು ಬೇರೆ, ಲಾಂಗ್ ಟೂರು ಬೇರೆ ಅತ್ತೆ. ಇದ್ಕೆ ಗುಂಡಿಗೆ ಬೇಕು.”

ಎಚ್.ಡಿ. ಕೋಟೆಯಲ್ಲಿ ರೂಪಶ್ರೀ ಹೈಸ್ಕೂಲಿನ ಪಿ.ಟಿ. ಮೇಡಂ. ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು. ವಿರೂಪಾಕ್ಷ ಕಬ್ಬು ಇಳಿಸಿದ, ಚೀಲ ಇಳಿಸಿದ. ಉಳಿದದ್ದು ಕುಂಬಳಕಾಯಿ ಒಂದೇ. ಅವನು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಬಗ್ಗಿ ಕಾಯಿಯನ್ನು ತಬ್ಬಿ ಎತ್ತುತ್ತಾ ಹೇಳಿದ: “ಅತ್ತೆ, ನೀನೂ ಬಾ ನನ್ ಜೊತೆ. ಕನ್ಯಾಕುಮಾರಿ ತೋರ್ಸ್ಕೊಂಡ್...”

ಸೊಂಟದಲ್ಲಿ ‘ಕಟಕ್’ ಎಂದಿತು. ‘ಬರ್ತೀನಿ’ ಎನ್ನುವ ಮಾತು ‘ಅಯ್ಯಯ್ಯೋ’ ಆಗಿ ಹೊರಬಂತು.

ಅವನನ್ನು ಕುಂಬಳಕಾಯಿಯ ಸಮೇತ ಒಳಗೆ ಹೊತ್ತು ತಂದರು. ಪಕ್ಕದ ಮನೆಯ ಡಾಕ್ಟರು ಬಂದು, ಒತ್ತಿ, ಅರಚಿಸಿ, ಪಟ್ಟಿ ಕಟ್ಟಿ, “ಒಂದು ವಾರ ಬೈಕಿನ ಹೆಸರೂ ಎತ್ತಬೇಡಿ. ಬೇಕಾದರೆ ಬಸ್ಸಲ್ಲಿ ಮೆಲ್ಲಗೆ ಊರಿಗೆ ಹೋಗಿ” ಎಂದು ಹೇಳಿ ಹೋದರು.

ಅತ್ತೆ ತನ್ನ ಚೀಲ ಬಿಚ್ಚಿದಳು. ಒಳಗೆ ಸ್ವೆಟರು, ಐದು ದಿನಕ್ಕಾಗುವಷ್ಟು ಸೀರೆ, ಚಟ್ನಿಪುಡಿ, ಒಣರೊಟ್ಟಿಯ ಗಂಟು.

“ಇದೇನತ್ತೆ?” ಎಂದ ವಿರೂಪಾಕ್ಷ ಮಲಗಿದಲ್ಲಿಂದಲೇ.

“ಒಂದೇ ಸಲ ಕನ್ಯಾಕುಮಾರಿ ಅಂದಿದ್ರೆ ಕರ್ಕಂಡೋಯ್ತಿದ್ದಾ ನೀನು? ಅದ್ಕೇ ತುಂಡು ತುಂಡಾಗಿ ಕೇಳ್ದೆ.” ಖಾಲಿ ಕ್ಯಾನನ್ನು ಕೈಯಲ್ಲಿ ತಿರುಗಿಸಿದಳು. “ಸಮುದ್ರದ ನೀರು ತರುಮ ಅಂತಿದ್ದೆ. ಹೋಗ್ಲಿ ಬುಡು. ಇಷ್ಟು ದೂರ ಕರ್ಕಂಡ್ ಬಂದ್ಯಲ್ಲ, ಅದೇ ಸಾಕು.”

ಆ ‘ಸಾಕು’ ಸೊಂಟದ ನೋವಿಗಿಂತ ಜಾಸ್ತಿ ನೋಯಿಸಿತು.

ರೂಪಶ್ರೀ ಮೆಲ್ಲಗೆ, “ಮಾವ, ನನ್ನ ಗಾಡಿ ರಿಪೇರಿಗೆ ಬಿಟ್ಟಿದ್ದೀನಿ. ನನಗೂ ರಜ ಇದೆ. ನಿಮ್ಮ ಗಾಡಿ ನಾನು ಓಡಿಸ್ಲಾ?” ಎಂದಳು.

“ಅಷ್ಟು ದೂರಾನಮ್ಮ...” ಎನ್ನುತ್ತಾ ವಿರೂಪಾಕ್ಷ ಕಣ್ಣೆತ್ತಿದ. ಗೋಡೆಯ ಮೇಲೊಂದು ಫೋಟೊ. ಹಿಮದ ಗುಡ್ಡಗಳ ನಡುವೆ, ಧೂಳು ಮೆತ್ತಿದ ಬೈಕಿನ ಪಕ್ಕದಲ್ಲಿ ರೂಪಶ್ರೀ ನಗುತ್ತಾ ನಿಂತಿದ್ದಳು. ಕೆಳಗೆ ‘ಲಡಾಖ್’ ಎಂದು ಬರೆದಿತ್ತು. ಅವನು ಜೇಬಿನಿಂದ ಕೀ ತೆಗೆದು ಅತ್ತೆಯ ಕೈಯಲ್ಲಿಟ್ಟ. ಕೊಟ್ಟಮೇಲೆ ಅವನ ಮನಸ್ಸು ಅವನೇ ನಂಬದಷ್ಟು ಹಗುರಾಯಿತು.

ಊಟ ಮುಗಿಸಿ, ಕತ್ತಲಾಗುವುದರೊಳಗೆ ಗುಂಡ್ಲುಪೇಟೆಯ ಗೆಳತಿಯ ಮನೆ ಸೇರಬೇಕೆಂದು ರೂಪಶ್ರೀ ಗಾಡಿ ಹೊರಗೆ ತೆಗೆದಳು. ಚಳಿಗಿರಲಿ ಎಂದು ವಿರೂಪಾಕ್ಷನ ಜಾಕೆಟ್ ಅತ್ತೆಯ ಮೈಮೇಲೆ ಬಂದಿತ್ತು. ಅವಳು ಅವನ ಕೆನ್ನೆ ಸವರಿ, “ಮುಂದಿನ್ ವರ್ಸ ಕಾಶಿಗ್ ಹೋಗುಮ ಕಣ್ಲಾ. ನೀನು ಕೋಟೆ ಗಂಟ ಬುಟ್ರೆ ಸಾಕು” ಎಂದಳು.

ಸಂಜೆಯ ಹುಣಸೂರು ಬಸ್ಸಿನಲ್ಲಿ ವಿರೂಪಾಕ್ಷ ನೆಟ್ಟಗೆ ಕೂತಿದ್ದ. ಬಗ್ಗಲಾಗದ್ದರಿಂದ ಮಂಡಿಯ ಚಿಪ್ಪುಗಳು ಬಿಚ್ಚದೆ ಹಾಗೇ ಉಳಿದಿದ್ದವು. ತೊಡೆಯ ಮೇಲೆ ಅರ್ಧ ಕುಂಬಳಕಾಯಿ. ಮಧ್ಯಾಹ್ನ ಪಲ್ಯಕ್ಕೆ ಹೆಚ್ಚಿ ಉಳಿದದ್ದು. ಐದು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ, ಕೆಟ್ಟುಹೋಗುತ್ತದೆ ಎಂದು ರೂಪಶ್ರೀ ಕಟ್ಟಿಕೊಟ್ಟಿದ್ದಳು.

ಕಂಡಕ್ಟರು ಬಂದು ಮಂಡಿಯನ್ನೇ ನೋಡಿದ. “ಏನ್ ಸಾರ್, ಬೈಕ್ ಟೂರಾ?”

“ಹೂಂ. ಕನ್ಯಾಕುಮಾರಿ.”

“ಗಾಡಿ ಎಲ್ಲಿ ಸಾರ್?”

“ಹೋಯ್ತಾ ಐತೆ.”

“ಮತ್ತೆ ನೀವು?”

ವಿರೂಪಾಕ್ಷ ಕುಂಬಳಕಾಯಿಯನ್ನು ಸರಿಯಾಗಿ ತಬ್ಬಿಕೊಂಡ. “ಹುಣಸೂರು, ಒಂದು ಕೊಡಿ.”