ಎಣಿಸಬಾರದ ಹಟ್ಟಿಯಲ್ಲಿ ಎಣಿಸುವವಳು

ನನಗೊಂದು ಚಟವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಎಣಿಸುತ್ತೇನೆ. ಚಿತ್ರದುರ್ಗದ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಎಷ್ಟು ಹೆಜ್ಜೆ, ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಡ್ರೈವರು ಎಷ್ಟು ಸಲ ಹಾರನ್ ಒತ್ತಿದ, ಅಮ್ಮ ದಿನಕ್ಕೆ ಎಷ್ಟು ಸಲ ‘ಮದುವೆ’ ಎಂಬ ಪದ ಬಳಸಿದಳು, ಎಲ್ಲವೂ ನನ್ನ ಡೈರಿಯಲ್ಲಿ ತಾರೀಖಿನ ಸಮೇತ ಇವೆ. ಕಳೆದ ಮಂಗಳವಾರ ಮದುವೆ ಹನ್ನೊಂದು ಸಲ ಬಂತು, ಗುರುವಾರ ನಾಲ್ಕೇ ಸಲ. ಗುರುವಾರ ಅವಳಿಗೆ ಗಂಟಲು ಕಟ್ಟಿತ್ತು. ಇಂಥವಳು ಬ್ಯಾಂಕು ಸೇರುವುದು ಬಿಟ್ಟು ಮನಶ್ಶಾಸ್ತ್ರಕ್ಕೆ ಯಾಕೆ ಹೋದಳೆಂದು ಕೇಳುವವರಿದ್ದಾರೆ. ಮನಸ್ಸನ್ನೂ ಎಣಿಸಬಹುದು ಎಂದು ಕಾಲೇಜಿನಲ್ಲಿ ಯಾರೋ ಹೇಳಿದರು, ನಾನು ನಂಬಿದೆ.

ಹಾಗೆ ನಂಬಿ ಡಾಕ್ಟರೇಟ್ ಮುಗಿಸಿದ ಮೇಲೆ ನನಗೆ ಪೋಸ್ಟ್ ಡಾಕ್ಟರಲ್ ಫೆಲೋಶಿಪ್ ಸಿಕ್ಕಿತು. ಬುಡಕಟ್ಟು, ಅಲೆಮಾರಿ ಮತ್ತಿತರ ಸಣ್ಣ ಸಮುದಾಯಗಳ ಮಾನಸಿಕ ಆರೋಗ್ಯದ ಅಧ್ಯಯನ ಮಾಡುವ ಮನಶ್ಶಾಸ್ತ್ರಜ್ಞರಿಗೆಂದೇ ಇಟ್ಟಿರುವ ಫೆಲೋಶಿಪ್ ಅದು. ಇದನ್ನು ನಮ್ಮ ಬೀದಿಗೆ ಅರ್ಥ ಮಾಡಿಸಲು ಡಾಕ್ಟರೇಟಿಗಿಂತ ಹೆಚ್ಚು ಶ್ರಮವಾಯಿತು. ಪಕ್ಕದ ಮನೆಯ ಶಾಂತಕ್ಕ, “ಪೋಸ್ಟ್ ಅಂದ್ರೆ ಅಂಚೆ ಆಫೀಸಿನ ಡಾಕ್ಟ್ರೇನೇ?” ಎಂದರು. ಅಮ್ಮ, “ಅಲ್ಲ ಶಾಂತಕ್ಕ, ಡಾಕ್ಟ್ರಾದ್ಮೇಲೆ ಇನ್ನೂ ಒಂದ್ ಡಾಕ್ಟ್ರು. ಇಂಜೆಕ್ಷನ್ ಮಾತ್ರ ಕೊಡಂಗಿಲ್ಲ” ಎಂದಳು.

“ಇಂಜೆಕ್ಷನ್ ಕೊಡಂಗಿಲ್ಲ, ಮಾತ್ರೆ ಬರಿಯಂಗಿಲ್ಲ, ಮತ್ತೇನ್ ಮಾಡ್ತಾಳೆ?”

“ಕೂತ್ಕೊಂಡ್ ಕಷ್ಟ ಕೇಳ್ತಾಳೆ.”

“ಕಷ್ಟ ಕೇಳಾಕೂ ಸಂಬಳ ಐತಾ! ನಂಗೂ ಒಂದ್ ಅರ್ಜಿ ತಂದ್ಕೊಡೇ ತಾಯಿ.”

ಶಾಂತಕ್ಕ ಮೂವತ್ತು ವರ್ಷದಿಂದ ಇಡೀ ಬೀದಿಯ ಕಷ್ಟ ಕೇಳುತ್ತಿದ್ದಾರೆ. ಅನುಭವವನ್ನೇ ನೋಡಿದರೆ ಅವರು ಪ್ರೊಫೆಸರ್ ಆಗಿ ನಿವೃತ್ತರಾಗಬೇಕಿತ್ತು.

ನನ್ನ ಕೆಲಸ ಹೊಳಲ್ಕೆರೆ ಕಡೆಯ ಒಂದು ಗೊಲ್ಲರ ಹಟ್ಟಿಯಲ್ಲಿ. ಊರಿನಿಂದ ತುಸು ದೂರ, ಕುರಿ ಸಾಕುವವರೇ ಒಟ್ಟಾಗಿ ಕಟ್ಟಿಕೊಂಡ ಮನೆಗಳು. ಹೆಸರು ಹೇಳುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೇನೆ. ನಲವತ್ತು ಜನರಿಗೆ ಒಂಬತ್ತು ಪ್ರಶ್ನೆ, ವರ್ಷದ ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಬೇಸರವಿತ್ತು, ಎಷ್ಟು ದಿನ ನಿದ್ದೆ ಬರಲಿಲ್ಲ, ಹೀಗೆ. ಉತ್ತರಗಳಿಗೆ ಅಂಕ ಹಾಕಿ ಕೂಡಬೇಕು. ಮೊತ್ತ ಹೆಚ್ಚಿದ್ದಷ್ಟೂ ಮನಸ್ಸಿಗೆ ಕಷ್ಟ ಹೆಚ್ಚು ಎಂದರ್ಥ. ವರ್ಷದ ಕೊನೆಗೆ ವರದಿಯಲ್ಲಿ ಹೇಳುವಂಥದ್ದೇನಾದರೂ ಇದ್ದರೆ ಸಮಿತಿಯವರು ಎರಡನೆಯ ವರ್ಷ ಕೊಡುತ್ತಾರೆ. ಇಲ್ಲದಿದ್ದರೆ ನಾನು ಮನೆಗೆ, ಅಂದರೆ ದಿನಕ್ಕೆ ಹನ್ನೊಂದು ಮದುವೆಗೆ.

ಮೊದಲ ಸುತ್ತು ಆರು ಭೇಟಿಗಳಲ್ಲಿ ಮುಗಿಯಿತು. ‘ಎರಡು ವಾರ’ ಎಂದರೆ ಯಾರಿಗೂ ಲೆಕ್ಕ ಹತ್ತಲಿಲ್ಲ. ‘ಎರಡು ಸಂತೆ’ ಎಂದು ತಿದ್ದಿಕೊಂಡೆ, ಹತ್ತಿತು. ಆದರೆ ಉತ್ತರ ಮಾತ್ರ ಒಂದೇ. “ಬ್ಯಾಸರಾನಾ? ಕುರಿ ಹಿಂದೆ ಓಡೋರ್ಗೆ ಬ್ಯಾಸರ ಮಾಡ್ಕಳಾಕೆ ಪುರ್ಸೊತ್ತೆಲ್ಲೈತ್ರಿ!” ಎಂದು ನಕ್ಕು ಕಳಿಸುತ್ತಿದ್ದರು. ನಲವತ್ತು ಜನರಲ್ಲಿ ಮೂವತ್ತೇಳು ಸೊನ್ನೆ. ಉಳಿದ ಮೂವರಿಗೆ ಹಲ್ಲುನೋವು. ಎಲ್ಲರಿಗಿಂತ ಚೊಕ್ಕ ಸೊನ್ನೆ ರಂಗಮ್ಮನದು (ಹೆಸರು ಬದಲಿಸಿದ್ದೇನೆ). ಮೂವತ್ತೈದರ ಹೆಂಗಸು. ಒಂಬತ್ತೂ ಪ್ರಶ್ನೆಗೆ ನಗುತ್ತಲೇ “ಇಲ್ರೀ” ಎಂದು ಚಹಾ ಕೊಟ್ಟಳು. ಅಂದಿನ ಡೈರಿಯಲ್ಲಿ ‘ಹಟ್ಟಿಯ ಅತ್ಯಂತ ನೆಮ್ಮದಿಯ ವ್ಯಕ್ತಿ’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಸ್ಕೇಲ್ ಇಟ್ಟು ಎಳೆದ ಗೆರೆ.

ರಂಗಮ್ಮನ ಮಾವ ಚಿತ್ತಯ್ಯಜ್ಜ. ಇವರ ಹೆಸರನ್ನು ಬದಲಿಸಲು ಹೋದರೆ, “ನಮ್ಮಪ್ಪ ಇಟ್ ಹೆಸ್ರನ್ನ ನೀನ್ಯಾಕವ್ವ ಕೀಳ್ತೀಯ?” ಎಂದು ಬೈದರು. ಒಂಬತ್ತನೆಯ ಭೇಟಿಯ ದಿನ ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಜ್ಜನ ಕುರಿಗಳು ಮೇದು ಬಂದು ರೊಪ್ಪದೊಳಗೆ ನುಗ್ಗುತ್ತಿದ್ದವು. ರೊಪ್ಪವೆಂದರೆ ಮುಳ್ಳುಬೇಲಿಯ ಕುರಿದೊಡ್ಡಿ. ನನ್ನ ಚಟ ಸುಮ್ಮನಿರುತ್ತದೆಯೇ? ಬೆರಳು ಮಡಚಿ, ಪೆನ್ನಿನಲ್ಲಿ ಗೀಟು ಹಾಕಿ ಎಣಿಸಿದೆ. ಎಣಿಸಿ, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದವಳಂತೆ ಗಟ್ಟಿಯಾಗಿ, “ಅಜ್ಜ, ನೂರಾ ಹದಿನೆಂಟು!” ಎಂದೆ.

ಅಜ್ಜ ಕಂಬಳಿ ಕೆಳಗೆ ಬಿಟ್ಟರು. “ಎಣ್ಸಿಬಿಟ್ಯಾ?”

“ಹ್ಞೂಂ ಅಜ್ಜ.”

“ಅಯ್ಯಯ್ಯೋ, ಇಂಥಾ ಓದಿದ್ ಹುಡ್ಗಿ! ಜೀವ ಇರೋದ್ನ ಎಣ್ಸಬಾರ್ದು ಕಣವ್ವ. ಎಣ್ಸಿದ್ರೆ ಸವೀತಾವೆ. ಏ ರಂಗೀ, ಉಪ್ಪು ತಗಂಬಾರೇ!”

ರಂಗಮ್ಮ ನಗುತ್ತಲೇ ಉಪ್ಪು ತಂದಳು. ಅಜ್ಜ ಅದನ್ನು ಕುರಿಗಳಿಗೆ ನಿವಾಳಿಸಿದರು. ಆಮೇಲೆ ಏನೋ ಯೋಚಿಸಿ ನನಗೂ ನಿವಾಳಿಸಿದರು. ನಾಚಿಕೆಯಿಂದ ತಲೆ ತಗ್ಗಿಸಿ, “ಮತ್ತೆ ಎಲ್ಲಾ ಬಂದಿವೆ ಅಂತ ಹೇಗೆ ಗೊತ್ತಾಗುತ್ತೆ ಅಜ್ಜ?” ಎಂದು ಕೇಳಿದೆ. ಅವರು ರೊಪ್ಪದ ಬಾಯಲ್ಲಿ ನಿಂತು ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಒಂದು ಸಲ, ಅಷ್ಟೇ. “ಕಿವಿಮೊಂಡೀದು ಬಂದಿಲ್ಲ. ಜಾಲಿ ತಾವ ನಿಂತಿರ್ತೈತೆ ನೋಡು” ಎಂದರು. ಹೋಗಿ ನೋಡಿದರೆ ಒಂದು ಕಿವಿ ಮೊಂಡಾದ ಕುರಿ ಜಾಲಿಯ ಮರದ ಕೆಳಗೆ ನಿಂತು ನನ್ನನ್ನೇ ದಿಟ್ಟಿಸುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ನೂರಕ್ಕೂ ಮಿಕ್ಕ ಮುಖಗಳನ್ನು ಒಂದೊಂದಾಗಿ ಬಲ್ಲ ಮನುಷ್ಯನ ಮುಂದೆ ಒಂಬತ್ತು ಪ್ರಶ್ನೆಯ ಹಾಳೆ ಹಿಡಿದು ಓಡಾಡಿದ್ದೆನಲ್ಲ ಎಂದು ಆ ಹಾಳೆಯನ್ನು ಮಡಚಿ ಚೀಲದೊಳಗೆ ತುರುಕಿದೆ.

ರಂಗಮ್ಮ ಒಳಗೆ ಹೋದ ಮೇಲೆ ಅಜ್ಜ ದನಿ ತಗ್ಗಿಸಿದರು. “ನಮ್ ರಂಗೀದು ನಿನ್ ಕಾಗ್ದದಾಗೆ ಏನ್ ಬಂತವ್ವ?”

“ಅದನ್ನ ಹೇಳೋ ಹಾಗಿಲ್ಲ ಅಜ್ಜ. ಸಹಿ ಹಾಕಿದೀನಿ.”

“ಹೇಳ್ಬ್ಯಾಡ ಬಿಡು. ಸೊನ್ನೆ ಬಂದಿರ್ತೈತೆ.” ಬೀಡಿ ಹಚ್ಚಿದರು. “ಅವ್ಳ ತಂಗಿ ತೀರ್ಕಂಡು ವರ್ಷಾತು. ಅವತ್ನಿಂದ ನಗು ಮೊದ್ಲು ಬರ್ತೈತೆ, ಮಾತು ಆಮೇಲೆ ಬರ್ತೈತೆ. ಹಿಂಡಿನಾಗೇ ಅವ್ಳೆ. ಆದ್ರೆ ಅವ್ಳು ಬಂದಿಲ್ಲ ಕಣವ್ವ.”

ಆಮೇಲೆ ನಾನು ಮಾಡಿದ್ದು ಶಾಸ್ತ್ರೀಯವಾಗಿ ಸರಿಯೋ ತಪ್ಪೋ ತಿಳಿಯದು. “ಅಜ್ಜ, ಎಣಿಸಿದ್ರೆ ಸವೀತಾವೆ ಅಂದ್ರಲ್ಲ. ಹಾಗಾದ್ರೆ ಬ್ಯಾಸರಾನೂ ಎಣಿಸಿದ್ರೆ ಸವೀಬೇಕಲ್ಲ?” ಎಂದೆ.

ಅಜ್ಜ ಬೀಡಿ ಕೆಳಗಿಳಿಸಿ ನನ್ನ ಮುಖ ನೋಡಿದರು. ನಾನು ಅಲ್ಲಿಯವರೆಗೆ ಹೇಳಿದ್ದರಲ್ಲಿ ಅವರಿಗೆ ಬುದ್ಧಿಯ ಮಾತು ಎನ್ನಿಸಿದ್ದು ಬಹುಶಃ ಅದೊಂದೇ. “ಅಲ್ಲಲೇ! ಕುರಿ ಉಳೀಲಿ ಅಂತ ಎಣ್ಸಲ್ಲ ನಾವು. ಬ್ಯಾಸರ ಯಾಕ್ ಉಳಿಸ್ಕಬೇಕು? ಇದ್ನ ಮೊದ್ಲೇ ಹೇಳದಲ್ವೇನವ್ವ!”

ಅಜ್ಜ ಸೊಸೆಗೆ ಏನು ಹೇಳಿದ್ದರೋ, ಮುಂದಿನ ಭೇಟಿಗೆ ರಂಗಮ್ಮ ರೊಪ್ಪದ ಹಿಂದೆ ಒಬ್ಬಳೇ ಕಾಯುತ್ತಿದ್ದಳು. “ನಂದು ಎಣ್ಸವ್ವ” ಎಂದಳು. ಆ ದಿನ ಅವಳು ನಗಲಿಲ್ಲ. ಎಷ್ಟು ದಿನ ನಿದ್ದೆ ಬರಲಿಲ್ಲ ಎಂದೆ. “ಎಲ್ಲಾ ದಿನ.” ಒಂಬತ್ತನೆಯ ಪ್ರಶ್ನೆ, ಬದುಕು ಸಾಕೆಂದು ಎಷ್ಟು ದಿನ ಅನ್ನಿಸಿತು ಎಂಬುದು. ಅವಳು ಬೆರಳು ಮಡಚುತ್ತ ಹೋದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದನ್ನು ಮಡಚಿ ಮುಷ್ಟಿಯನ್ನು ಹಾಗೇ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಎಣಿಸುತ್ತ ಬಂದವಳಿಗೆ ಐದು ಎಂದರೆ ಎಷ್ಟೆಂದು ಗೊತ್ತಾಗಿದ್ದು ಅಂದು. ಪೆನ್ನು ಕೆಳಗಿಟ್ಟೆ. ಅವಳನ್ನು ಅಂದೇ ಹೊಳಲ್ಕೆರೆಗೆ ಕರೆದುಕೊಂಡು ಹೋಗಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿದೆ. ಅವರು ಚಿತ್ರದುರ್ಗದ ಮನೋವೈದ್ಯರಿಗೆ ಬರೆದುಕೊಟ್ಟರು. ಮರುದಿನ ಚಿತ್ರದುರ್ಗದ ಬಸ್ಸಿನಲ್ಲಿ ಅಜ್ಜನೂ ಬಂದರು. ದಾರಿಯುದ್ದಕ್ಕೂ ಸೊಸೆಯ ಚೀಲ ಹಿಡಿದು ಕೂತಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಅವಳ ಕೈಗಿಟ್ಟು, “ಹೋಗ್ಬಾ ಮಗಾ, ಎಲ್ಲಾ ಎಣ್ಸಿ ಕೊಡು, ಒಂದೂ ಉಳಿಸ್ಕಬ್ಯಾಡ” ಎಂದರು. ಮಾತ್ರೆ, ಮಾತು, ಮತ್ತೆ ಬಸ್ಸು. ಮೂರು ತಿಂಗಳ ಮೇಲೆ ನಾನು ಹಾಳೆ ತೆಗೆಯುವ ಮೊದಲೇ ಅಜ್ಜ ತಮ್ಮ ವರದಿ ಒಪ್ಪಿಸಿದರು: “ಅರ್ಧ ಬಂದವ್ಳೆ.”

ಅಷ್ಟರಲ್ಲಿ ಎಣಿಸಿದರೆ ಬ್ಯಾಸರ ಸವೆಯುತ್ತದಂತೆ ಎಂಬ ಸುದ್ದಿ ಹಟ್ಟಿಯೆಲ್ಲ ಹಬ್ಬಿತ್ತು. ಎರಡನೆಯ ಸುತ್ತಿಗೆ ನಾನು ಯಾರ ಮನೆಗೂ ಹೋಗಬೇಕಾಗಲಿಲ್ಲ, ಬೇವಿನ ಕಟ್ಟೆಯ ಬಳಿ ಸಾಲು ನಿಂತಿತ್ತು. “ನಂದು ಜಾಸ್ತಿ ಐತ್ರಿ, ಮೊದ್ಲು ನಂದು ಎಣ್ಸಿ” ಎಂದು ಒಬ್ಬ. “ನಿಂದೇನ್ ಜಾಸ್ತಿಯೋ, ನಿನ್ನ ಕಟ್ಕಂಡಿರೋಳು ನಾನು, ನಂದು ಬರ್ಕಳ್ರಿ” ಎಂದು ಹಿಂದಿನಿಂದ ಅವನ ಹೆಂಡತಿ. ಇಷ್ಟು ಜನ ಇಷ್ಟು ಕಾಲ ಇಷ್ಟನ್ನು ಹೊತ್ತುಕೊಂಡೇ ನಗುತ್ತ ನನಗೆ ಚಹಾ ಕೊಟ್ಟಿದ್ದರೆಂದು ನನಗೆ ತಿಳಿದದ್ದು ಆಗಲೇ. ಬರೆದೂ ಬರೆದೂ ಎರಡು ಪೆನ್ನು ಮುಗಿದವು.

ತೊಂದರೆ ಶುರುವಾದದ್ದು ವರದಿ ಬರೆಯುವಾಗ. ಕಂಪ್ಯೂಟರಿನಲ್ಲಿ ಎರಡೂ ಸುತ್ತಿನ ಅಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಗ್ರಾಫಿನ ಚಿತ್ರ ತೆಗೆದೆ. ಮೊದಲ ಸುತ್ತಿನ ಕಂಬ ನೆಲದಿಂದ ಮೇಲೆದ್ದಿರಲಿಲ್ಲ. ಎರಡನೆಯದು ದುರ್ಗದ ಬುರುಜಿನಂತೆ ನಿಂತಿತ್ತು. ಓದಿದವರಿಗೆ ಅರ್ಥವಾಗುವುದು ಒಂದೇ: ನೆಮ್ಮದಿಯಾಗಿದ್ದ ಹಟ್ಟಿಗೆ ಮನಶ್ಶಾಸ್ತ್ರಜ್ಞೆಯೊಬ್ಬಳು ಹೋದಳು, ವರ್ಷದೊಳಗೆ ಹಟ್ಟಿಯ ಮನಸ್ಸೆಲ್ಲ ಹದಗೆಟ್ಟಿತು. ಮಾರ್ಗದರ್ಶಕರಿಗೆ ಫೋನ್ ಮಾಡಿದರೆ, “ಏನಮ್ಮಾ ಮಾಡಿದೆ ಅವರಿಗೆ?” ಎಂದರು. ಕುರಿ, ಉಪ್ಪು, ಅಜ್ಜನ ತರ್ಕ ಎಲ್ಲವನ್ನೂ ಇದ್ದದ್ದು ಇದ್ದಂತೆ ನಾಲ್ಕು ಪುಟ ಬರೆದು ಲಗತ್ತಿಸಿ ಕಳಿಸಿದೆ. ಫೆಲೋಶಿಪ್ ಮುಗಿಯಿತೆಂದು ಅಮ್ಮ ಆಗಲೇ ಎರಡು ಜಾತಕ ತರಿಸಿಟ್ಟಿದ್ದಳು.

ಸಮಿತಿಯ ಪತ್ರ ಬಂತು. ಅವರು ನಾಲ್ಕು ಪುಟ ಓದಿದರೋ, ಚಿತ್ರ ಮಾತ್ರ ನೋಡಿದರೋ ಇಂದಿಗೂ ಗೊತ್ತಿಲ್ಲ. ‘ಫೆಲೋ ಅವರ ಆಗಮನದ ನಂತರ ಸದರಿ ಹಟ್ಟಿಯ ಮಾನಸಿಕ ಆರೋಗ್ಯವು ಗಣನೀಯವಾಗಿ ಹದಗೆಟ್ಟಿರುವುದನ್ನು ಸಮಿತಿಯು ಗಮನಿಸಿದ್ದು, ಅದನ್ನು ಸರಿಪಡಿಸುವ ಸಲುವಾಗಿ ಸದರಿಯವರಿಗೆ ಇನ್ನೊಂದು ವರ್ಷದ ಅವಧಿಯನ್ನು ಮಂಜೂರು ಮಾಡಲಾಗಿದೆ.’

ಮಾರನೆಯ ದಿನವೇ ಹಟ್ಟಿಗೆ ಹೋಗಿ ಅಜ್ಜನಿಗೆ ಓದಿ ಹೇಳಿದೆ. ಅವರು ಎರಡು ಸಲ ಓದಿಸಿಕೊಂಡರು. “ಅಂದ್ರೆ, ಕೆಟ್ಟೈತೆ ಅಂತ ಇನ್ನೊಂದ್ ವರ್ಷ ಕೊಟ್ರು?”

“ಹೌದು ಅಜ್ಜ.”

“ಸರಿಯಾಗಿಬಿಟ್ರೆ ನಿನ್ನ ಕಳಿಸಲ್ಲ?”

“ಇಲ್ಲ ಅಜ್ಜ.”

ಅಜ್ಜ ರಂಗಮ್ಮನ ಕಡೆ ನೋಡಿದರು. ಅವಳು ಚಹಾ ಸೋಸುತ್ತಿದ್ದಳು. “ಇನ್ನೇನ್ ಮತ್ತೆ! ಇವ್ಳು ಪೂರ್ತಿ ಬರೋತಂಕ ನೀನ್ ಬರ್ಬೇಕು ಕಣವ್ವ. ನಮ್ ಹಟ್ಟಿ ಸರಿಯಾತು ಅಂದ್ರೆ ಪಕ್ಕದ್ ಹಟ್ಟಿಗೆ ಹೋಗಿ ಒಸಿ ಕೆಡ್ಸು.”

ರಂಗಮ್ಮ ನಕ್ಕಳು. ನಾನೂ ನಕ್ಕೆ. ನಕ್ಕು ಬಸ್ಸು ಹತ್ತಿದವಳು, ಹೊಸದುರ್ಗ, ಹಿರಿಯೂರು ಕಡೆ ಇನ್ನೂ ಸೊನ್ನೆಯಲ್ಲೇ ನೆಮ್ಮದಿಯಾಗಿರುವ ಹಟ್ಟಿಗಳು ಎಷ್ಟಿರಬಹುದೆಂದು ಬೆರಳು ಮಡಚತೊಡಗಿದೆ.