ನನ್ನ ಮಧ್ಯಾಹ್ನದ ನಿದ್ದಿಗೆ ಮತದಾನ

ಪುಣೆದಾಗ ಕಿರಾಣಿ ಅಂಗಡಿ ಇಟ್ಟವರಿಗೆ ನಗು ಬರೂವಂಥಾದ್ದು ದಿನಾ ಒಂದರ ನಡೀತದ; ನಗಾಕ ಪುರಸೊತ್ತು ಮಾತ್ರ ಸಿಗೂದಿಲ್ಲ. ನನ್ನ ಅಂಗಡಿ ಒಂದು ಹೌಸಿಂಗ್ ಸೊಸೈಟಿಯ ಗೇಟಿಗೆ ಹತ್ತಿ ಅದ. ಜಾಗಾ ಸೊಸೈಟಿದು, ಬಾಡಿಗಿ ನಂದು. ಇಪ್ಪತ್ತೆರಡು ವರ್ಷದಿಂದ ಮಧ್ಯಾಹ್ನ ಒಂದಕ್ಕ ಶಟರ್ ಎಳೀತೀನಿ, ನಾಲ್ಕಕ್ಕ ಎತ್ತತೀನಿ. ನಡುವ ಅದೇ ಸೊಸೈಟ್ಯಾಗಿನ ನಮ್ಮ ಫ್ಲ್ಯಾಟಿಗೆ ಹೋಗಿ, ಉಂಡು, ಮಲಗತೀನಿ. ಈ ಊರಾಗ ಇದಕ್ಕ ಆಲಸ್ಯ ಅನ್ನೂದಿಲ್ರಿ, ಸಂಪ್ರದಾಯ ಅಂತಾರ. ಕಲಬುರಗಿ ಕಡೆಯಿಂದ ಬಂದಾಂವ ನಾನು, ಮರಾಠಿ ಕಲಿಯೂಕಿಂತ ಮೊದಲು ಇದನ್ನ ಕಲಿತೆ.

೧. ಬೋರ್ಡು

ಪುಣೆದಾಗ ಅಂಗಡ್ಯಾಗ ಸಾಮಾನು ಇಲ್ಲದಿದ್ರೂ ನಡೀತದ, ಮುಂದ ಒಂದು ಖಾರದ ಬೋರ್ಡು ಇಲ್ಲದಿದ್ರ ನಡೆಯೂದಿಲ್ಲ. ನಾನೂ ಒಂದು ಬರೆಸಿದೆ: "ಒಂದರಿಂದ ನಾಲ್ಕು ಬಂದ್. ಬೆಂಕಿ ಹತ್ತಿದ್ರ ಮಾತ್ರ ಕರೀರಿ. ಕಡ್ಡಿಪೆಟ್ಟಗಿ ಬೇಕಾದ್ರ ಕರೀಬ್ಯಾಡ್ರಿ."

ಮರುದಿನ ಎರಡೂವರಿಗೆ ಯಾರೋ ನಮ್ಮ ಮನಿ ಬಾಗಿಲಾ ಬಡದ್ರು. ಎರಡನೇ ಮಹಡಿಯ ನಿವೃತ್ತ ಮಾಸ್ತರು, ನಮ್ಮ ಕಡೆಯವರೇ.

"ಬೆಂಕಿ ಹತ್ತೇದೇನ್ರಿ?" ಅಂದೆ.

"ಇಲ್ಲ, ಕಡ್ಡಿಪೆಟ್ಟಗಿ ಬೇಕಿತ್ತು."

"ಬೋರ್ಡು ಓದಲಿಲ್ಲೇನ್ರಿ ಸರ್?"

"ಓದಿದೆ. ಬೆಂಕಿ ಹತ್ತಿದ ಮ್ಯಾಲೆ ಕರೀರಿ ಅಂತ ಬರದೀರಿ. ಹತ್ತಬೇಕಂದ್ರ ಮೊದಲು ಕಡ್ಡಿಪೆಟ್ಟಗಿ ಬ್ಯಾಡೇನು?"

ಮೂವತ್ತು ವರ್ಷ ಗಣಿತ ಕಲಿಸಿದವರ ಜೋಡಿ ಏನು ವಾದಾ ಮಾಡ್ತೀರಿ? ಕೊಟ್ಟು ಕಳಿಸಿದೆ.

೨. ಸಭಾ

ಮಗರಪಟ್ಟಾದ ಐಟಿ ಆಫೀಸಿಗೆ ಹೋಗೂ ಬೆಂಗಳೂರಿನ ಹುಡುಗಿ ಒಬ್ಬಾಕಿ ನಮ್ಮ ಸೊಸೈಟಿಗೆ ಬಂದಳು. ಒಂದಿನ ಮನಿಯಿಂದನೇ ಕೆಲಸ ಮಾಡ್ಲಿಕ್ಕೆ ಹತ್ತಿದ್ಲು. ಎರಡು ಗಂಟೆಗೆ ಮೊಸರು ಬೇಕಾತು, ಶಟರ್ ಮುಂದ ನಿಂತು ಬೋರ್ಡು ಓದಿ ಹೋದಳು. ಮುಂದಿನ ಸೊಸೈಟಿ ಸಭಾದಾಗ ಎದ್ದು ನಿಂತು, "ಮಧ್ಯಾಹ್ನ ಅಂಗಡಿ ಓಪನ್ ಇರ್ಬೇಕೋ ಬೇಡ್ವೋ, ವೋಟಿಂಗ್ ಮಾಡ್ಬಿಡೋಣ. ಜಾಗ ನಮ್ದೇ ತಾನೆ?" ಅಂದಳು.

ಅಧ್ಯಕ್ಷರು ಒಪ್ಪಿದ್ರು. ಮನಿಗೊಂದು ವೋಟು. "ತೆರೀಬೇಕು" ಅಂತಾದ್ರ, ಆ ಶರತ್ತು ನನ್ನ ಬಾಡಿಗಿ ಕರಾರಿನ್ಯಾಗ ಸೇರಸೂದು. ಇಪ್ಪತ್ತೆರಡು ವರ್ಷದ ನಿದ್ದಿ ಅದು!

"ನಿಮ್ಮ ಅಭಿಪ್ರಾಯಾ ಏನು?" ಅಂತ ಅಧ್ಯಕ್ಷರು ನನ್ನ ಕೇಳಿದ್ರು.

"ಮಲಗಿದವರನ್ನ ಎಬ್ಬಿಸಬಾರದು ಅಂತ ಹಿರಿಯರು ಹೇಳ್ಯಾರ್ರಿ," ಅಂದೆ.

ಸಭಾದಾಗ ಹಿಂದಿನ ಸಾಲಿನವರು ಯಾರೂ ವಿರೋಧ ಮಾಡಲಿಲ್ಲ. ಆಗಲೇ ಮೂವರು ಗೊರಕಿ ಹೊಡೀಲಿಕ್ಕೆ ಹತ್ತಿದ್ರು.

೩. ಪ್ರಚಾರ

ನಾನೂ ಮನಿ ಮನಿ ತಿರುಗಿದೆ. ಜೀವಮಾನದಾಗ ಗಿರಾಕಿಗೆ ಕೈ ಮುಗದಾಂವ ಅಲ್ಲ, ಅವತ್ತು ಲಿಫ್ಟಿನವಗೂ ಮುಗದೆ. ಮಾಸ್ತರು ಒಳಗ ಕರದು ಚಾ ಕೊಟ್ರು.

"ನೀವು ಏನೂ ಕಾಳಜಿ ಮಾಡಬ್ಯಾಡ್ರಿ. ನನ್ನ ವೋಟು ನಿಮ್ಮ ನಿದ್ದಿಗೇ. ಮಧ್ಯಾಹ್ನ ಅಂಗಡಿ ತೆರೀಲೇಬಾರದು."

ನನ್ನ ಕಣ್ಣಾಗ ನೀರು ಬಂತು. ಬಾಗಿಲ ತನಕ ಕಳಸಾಕ ಬಂದವರು ಸಣ್ಣ ದನಿಲೆ ಅಂದ್ರು: "ಒಂದೇ ಮಾತು. ನಾ ಬಂದಾಗ ಮಾತ್ರ ಅಂಗಡಿ ಹಿಂದಿನ ಬಾಗಿಲಾ ತಗೀರಿ."

ಇಂಥಾ ಬೆಂಬಲಿಗರು ಅವತ್ತು ನನಗ ಒಟ್ಟು ಒಂಬತ್ತು ಮಂದಿ ಸಿಕ್ರು.

೪. ಮತದಾನ

ಆಯಿತವಾರ ಬೆಳಿಗ್ಗೆ ಹತ್ತರಿಂದ ಸಂಜಿ ಆರರ ತನಕ ಮತದಾನ. ಸೊಸೈಟಿ ಆಫೀಸಿನ್ಯಾಗ ಬಿಸ್ಕೀಟಿನ ಡಬ್ಬಿಗೆ ಸೀಳು ಹಾಕಿ ಇಟ್ಟಿದ್ರು. ಡಬ್ಬಿ ನನ್ನ ಅಂಗಡೀದೇ.

ಎರಡು ಗಂಟೆಗೆ ಬೆಂಗಳೂರಿನ ಹುಡುಗಿ ವೋಟು ಹಾಕಾಕ ಬಂದಳು. ಆಫೀಸಿಗೆ ಕೀಲಿ. ಬಾಗಿಲಿಗೆ ಚೀಟಿ: "ಮತದಾನ ಒಂದರಿಂದ ನಾಲ್ಕು ಬಂದ್."

ಸೀದಾ ಅಧ್ಯಕ್ಷರ ಮನಿಗೆ ಹೋಗಿ ಬೆಲ್ ಒತ್ತಿದಳು. ಐದನೇ ಸಲಕ್ಕ ಅವರು ಬನಿಯನ್ ಮ್ಯಾಲೆ, ಕಣ್ಣು ತಿಕ್ಕೋತ ಹೊರಗ ಬಂದ್ರು.

"ಸರ್, ಮಧ್ಯಾಹ್ನ ಓಪನ್ ಇರ್ಬೇಕಾ ಅನ್ನೋದಕ್ಕೇ ಅಲ್ವಾ ಈ ವೋಟಿಂಗು?"

"ಅದಿನ್ನೂ ನಿರ್ಣಯ ಆಗಿಲ್ಲಲ್ಲ ತಾಯಿ," ಅಂದು ಅಧ್ಯಕ್ಷರು ಬಾಗಿಲಾ ಹಾಕಿಕೊಂಡ್ರು.

೫. ಫಲಿತಾಂಶ

ಒಂದೇ ವೋಟಿನಿಂದ ಸೋತೆ.

ಮನಿಗೆ ಬಂದು ನೆಲಕ್ಕ ಕುಂತೆ. ಹೆಂಡತಿ ರೊಟ್ಟಿ ಬಡೀಲಿಕ್ಕೆ ಹತ್ತಿದ್ಲು.

"ಯಾರೋ ಒಬ್ಬರು ಬೆನ್ನಿಗೆ ಚೂರಿ ಹಾಕ್ಯಾರ. ಆ ಮಾಸ್ತರೇ ಇರಬೇಕು," ಅಂದೆ.

"ಪಾಪ, ಅವರನ್ನ್ಯಾಕ ಬೈತೀರಿ? ನಾನೇ ಹಾಕೀನಿ."

ಫ್ಲ್ಯಾಟು ಆಕಿ ಹೆಸರಿಲೆ ಅದ. ಹೆಂಗಸರ ಹೆಸರಿಲೆ ತಗೊಂಡ್ರ ನೋಂದಣಿ ಖರ್ಚು ಕಡಿಮಿ ಅಂತ ನಾನೇ ಶಾಣ್ಯಾತನ ಮಾಡಿದ್ದೆ. ಅದಕ್ಕ ನಮ್ಮ ಮನಿ ವೋಟು ಆಕೀದೇ.

"ಅಲ್ಲ, ನನ್ನ ನಿದ್ದಿ..."

"ನಿಮ್ಮದು ನಿದ್ದಿ, ನಂದೇನು? ಒಂದಕ್ಕ ಬರ್ತೀರಿ. ಬಿಸಿ ರೊಟ್ಟಿ ಬೇಕು. ಉಂಡ ಮ್ಯಾಲೆ ಪರದಾ ಎಳಿ, ಕುಕ್ಕರ್ ಇಡಬ್ಯಾಡ, ಟಿವಿ ಹಚ್ಚಬ್ಯಾಡ. ಮೂರೂವರಿಗೆ ಎಬ್ಬಿಸು, ಚಾ ಕೊಡು. ಇಪ್ಪತ್ತೆರಡು ವರ್ಷದಾಗ ನಾ ಒಂದು ಮಧ್ಯಾಹ್ನರ ಮಲಗೀನೇನ್ರಿ?"

ಖರೇ ಹೇಳಬೇಕಂದ್ರ, ಭಾಳ ನಾಚಿಕಿ ಆತು.

"ಒಂದು ಮಾತು ಮೊದಲೇ ಹೇಳಬಾರದೇನು?" ಅಂದೆ.

"ಎಲ್ಲಾರ ಮನಿಗೂ ಹೋಗಿ ಕೈ ಮುಗದು ವೋಟು ಕೇಳಿದ್ರಿ. ನನ್ನ ಕೇಳಿದ್ರೇನು?"

ಮರುದಿನದಿಂದ ಮಧ್ಯಾಹ್ನ ಅಂಗಡಿ ತೆರೆದೇ ಇತ್ತು. ಎರಡು ಗಂಟೆ ಆದ್ರೂ ಒಂದು ನರಪಿಳ್ಳಿ ಬರಲಿಲ್ಲ. ತೆರೀಬೇಕು ಅಂದವರೂ, ಬ್ಯಾಡಂದವರೂ ಎಲ್ಲಾ ಮಲಗಿದ್ರು. ಬೆಂಗಳೂರಿನ ಹುಡುಗಿ ಆಫೀಸಿಗೆ ಹೋಗಿದ್ಲು. ಕುಂತು ಕುಂತು ಬ್ಯಾಸರಾಗಿ, ಒಂದು ಕಪ್ ಚಾ ಕಳಿಸ್ತಾಳೇನೋ ಅಂತ ಮನಿಗೆ ಫೋನ್ ಹಚ್ಚಿದೆ. ಭಾಳ ಹೊತ್ತಿನ ಮ್ಯಾಲೆ ಎತ್ತಿದಳು. ದನಿ ತುಂಬ ನಿದ್ದಿ ಇತ್ತು.

"ನಾಲ್ಕರ ಮ್ಯಾಲೆ ಮಾಡ್ರಿ," ಅಂದು ಇಟ್ಟಳು.