ಅಕ್ಕನ ಮಗಳಿಗೆ ನಾನು ಗಣಿತ ಹುಡುಕಿಕೊಟ್ಟಿದ್ದು

ನಾನು ತಲೆ ಹಾಕಿದ ಕಡೆಯೆಲ್ಲ ಇಂಥವು ನಡೀತಾನೇ ಇರುತ್ತವೆ. ಅದು ನನ್ನ ತಪ್ಪಲ್ಲ, ನನ್ನ ಕೈಗುಣ. ಶಿರಾ ಗೇಟ್‌ನಲ್ಲಿ ನನ್ನ ಟೈಲ್ಸ್ ಅಂಗಡಿ ಇದೆ. ಅಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಗಣಿತದಲ್ಲಿ ನನ್ನಷ್ಟು ಅನುಭವ ಇರೋನು ತುಮಕೂರಲ್ಲೇ ಸಿಗಲ್ಲ. ಬೇರೆಯವರು ಎಸ್ಸೆಸ್ಸೆಲ್ಸಿ ಗಣಿತ ಒಂದೇ ಸಲ ಬರೆದು ಕೈ ತೊಳ್ಕೊಂಡ್ರು. ನಾನು ಹಾಗೆ ಅರ್ಧಕ್ಕೆ ಬಿಡೋ ಪೈಕಿ ಅಲ್ಲ, ಬರೀತಾನೇ ಹೋದೆ.

ಶೆಟ್ಟಿಹಳ್ಳಿಯಲ್ಲಿರೋ ನಮ್ಮಕ್ಕ ಎಂಟನೇ ಕ್ಲಾಸು ಮುಗಿದ ಮಗಳನ್ನ ಸ್ಕೂಲು ಬಿಡಿಸಿದಳು. ಬೆಳಗಾಗೋ ಮೊದಲು ಬಸ್ಸು ಹತ್ತಿ ಕತ್ತಲಾದ ಮೇಲೆ ಇಳೀತಿದ್ದ ಮಗು ತಟ್ಟೆ ಮುಂದೆಯೇ ತೂಕಡಿಸುತ್ತಿತ್ತು. ಮನೇಲೇ ಓದಲಿ, ಹತ್ತನೇದು ಓಪನ್ ಸ್ಕೂಲಲ್ಲಿ ಬರೆಯಲಿ ಅಂದಳು ಅಕ್ಕ. ಭಾವ ಬ್ಯಾಂಕ್ ಮ್ಯಾನೇಜರು. ಒಪ್ಪಿದರು, ಆದರೆ ಒಂದು ಷರತ್ತು ಇಟ್ಟು. ಬೇರೆ ಸಬ್ಜೆಕ್ಟು ಹೆಂಗೋ ಆಗುತ್ತೆ, ಹೈಸ್ಕೂಲ್ ಗಣಿತ ಮನೇಲಿ ಆಗೋ ಕೆಲಸ ಅಲ್ಲ. ದಸರಾ ಮುಗಿಯೋದರೊಳಗೆ ಒಂದು ಸರಿಯಾದ ಸಿಲಬಸ್ ಹುಡುಕಿ, ಇಲ್ಲಾಂದ್ರೆ ಹುಡುಗೀನ ಹಾಸ್ಟೆಲ್ ಸ್ಕೂಲಿಗೆ ಹಾಕ್ತೀನಿ ಅಂದರು.

ಹುಡುಗಿ ಅಳೋಕೆ ಶುರುಮಾಡಿದಳು. ನಾನು ಬೆನ್ನು ತಟ್ಟಿ, ‘ಮಾಮ ಇದೀನಲ್ಲ, ಬುಡು’ ಅಂದೆ.

ಅದನ್ನ ಕೇಳಿ ಇನ್ನೂ ಜೋರಾಗಿ ಅತ್ತಳು.

ಬೇಲಿಗೆ ಬಣ್ಣ ಹೊಡೆದವರು

ಮೊದಲು ಸಿಕ್ಕಿದ್ದು ಫಾರಿನ್ ಸಿಲಬಸ್. ದಪ್ಪ ಪುಸ್ತಕ, ಮಿರಮಿರ ಮಿಂಚೋ ಹಾಳೆ. ಭಾವನ ಕೈಗೆ ಕೊಡೋ ಮೊದಲು ನಾನೇ ಪರೀಕ್ಷೆ ಮಾಡ್ತೀನಿ ಅಂತ ನಡುಮಧ್ಯೆ ಒಂದು ಪುಟ ತೆಗೆದೆ. ಒಬ್ಬ ಒಂದು ಬೇಲಿಗೆ ಮೂರು ದಿನದಲ್ಲಿ ಬಣ್ಣ ಹೊಡೀತಾನೆ, ಇನ್ನೊಬ್ಬನಿಗೆ ಆರು ದಿನ ಬೇಕು. ಇಬ್ಬರೂ ಸೇರಿದರೆ ಎಷ್ಟು ದಿನ?

ನಾನು ಪೆನ್ನು ಕೂಡ ಮುಟ್ಟಲಿಲ್ಲ. ಹದಿನೈದು ದಿನ ಅಂದೆ.

ಹುಡುಗಿ ಪುಸ್ತಕದ ಕೊನೇ ಪುಟ ತಿರುವಿ ಎರಡು ದಿನ ಅಂತ ಉತ್ತರ ತೋರಿಸಿದಳು. ನನಗೆ ನಗು ತಡೆಯೋಕಾಗಲಿಲ್ಲ. ಇಷ್ಟು ವರ್ಷದಿಂದ ಜನರ ಮನೆಗೆ ಟೈಲ್ಸ್ ಹಾಕಿಸ್ತಿದೀನಿ. ಒಬ್ಬ ಗಾರೆಯವನು ಒಂದು ಬಾತ್‌ರೂಮು ಮೂರು ದಿನದಲ್ಲಿ ಮುಗಿಸ್ತಾನೆ. ಜೊತೆಗೆ ಇನ್ನೊಬ್ಬನ್ನ ಕಳಿಸಿದೆವೋ, ಮೊದಲನೇ ದಿನ ಇಬ್ಬರೂ ಟೀ ಕುಡಿಯೋಕೆ ಹೋಗ್ತಾರೆ. ಎರಡನೇ ದಿನ ಇವನು ಹಾಕಿದ್ದನ್ನ ಅವನು ಕೀಳ್ತಾನೆ. ಮೂರನೇ ದಿನ ಇಬ್ಬರಿಗೂ ಮಾತು ಬಿಟ್ಟಿರುತ್ತೆ.

‘ಈ ಪುಸ್ತಕ ಬರೆದವನು ಯಾವತ್ತೂ ಮನೆ ಕಟ್ಟಿಸಿಲ್ಲ ಕಣೇ ಅಕ್ಕ. ನಮಗೆ ಬೇಡ’ ಅಂದೆ.

ಆ ಪುಸ್ತಕದ ಗತಿ ಅಲ್ಲಿಗೆ ಮುಗೀತು. ಅಕ್ಕನ ಬಾತ್‌ರೂಮಿಗೆ ನಾನು ಕಳಿಸಿದ್ದ ಇಬ್ಬರು ಆವತ್ತೂ ಬಂದಿರಲಿಲ್ಲ.

ಗುಬ್ಬಿಗೆ ಹೋಗಿ ನೋಡಿಕೊಂಡು ಬಂದದ್ದು

ಗುಬ್ಬಿಯಲ್ಲಿ ಒಂದು ಮನೆಯವರು ಮಗನನ್ನ ಮನೇಲೇ ಓದಿಸಿ, ಅವನು ಗಣಿತದಲ್ಲಿ ಒಳ್ಳೇ ನಂಬರು ತೆಗೆದಿದ್ದಾನೆ ಅಂತ ಸುದ್ದಿ ಬಂತು. ಅವರ ಸಿಲಬಸ್ ಒಂದು ಸಲ ಕಣ್ಣಾರೆ ನೋಡಿ ಬರೋಣ ಅಂದೆ. ನಮ್ಮ ಮನೆಗಳಲ್ಲಿ ಏನನ್ನೇ ನೋಡೋಕೆ ಹೋದರೂ ಒಂದು ಪದ್ಧತಿ ಇದೆಯಲ್ಲ. ಅಕ್ಕ ಬಾಳೆಹಣ್ಣು, ಹೂವು, ಸ್ವೀಟ್ ಬಾಕ್ಸು ಕಟ್ಟಿಸಿದಳು. ಭಾವ ರಾಹುಕಾಲ ತಪ್ಪಿಸಿ ಕಾರು ತೆಗೆದರು. ಹುಡುಗಿ ಬರ್ತೀನಿ ಅಂದಳು. ದೊಡ್ಡವರು ಮಾತಾಡೋ ಕಡೆ ನಿನಗೇನು ಕೆಲಸ ಅಂತ ಮನೇಲೇ ಬಿಟ್ಟು ಹೋದೆವು.

ಆ ಮನೆಯಾಕೆ ಕಾಫಿ ಕೊಟ್ಟು, ನಿಮ್ಮದು ಯಾವೂರಾಯ್ತು ಅಂದರು. ಭಾವ ನಮ್ಮದು ಮೂಲ ಹಾಗಲವಾಡಿ ಕಡೆ ಅಂದರು. ಆಕೆಯ ತಾಯಿಯ ತೌರೂ ಅದೇ. ಮುಗೀತು. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟು ಎದ್ದರು ಅನ್ನೋವರೆಗೂ ಹೋಯ್ತು ಮಾತು. ಅಷ್ಟರಲ್ಲಿ ಒಬ್ಬಟ್ಟು ಬಂತು. ಸಿಲಬಸ್ ಟೀಪಾಯಿ ಮೇಲೇ ಇತ್ತು. ಒಬ್ಬಟ್ಟಿನ ತಟ್ಟೆ ಇಡೋಕೆ ಜಾಗ ಸಾಲದೆ ನಾನೇ ಅದನ್ನ ಎತ್ತಿ ಕಿಟಕಿ ಮೇಲೆ ಇಟ್ಟೆ. ಬಾಗಿಲಲ್ಲಿ ಕುಂಕುಮ ಇಸ್ಕೊಂಡು, ಊರಿಗೆ ಹೋಗಿ ತಿಳಿಸ್ತೀವಿ ಅಂತ ಹೊರಟೆವು.

ಅರ್ಧ ದಾರಿ ಬಂದ ಮೇಲೆ, ಪುಸ್ತಕ ಯಾರೂ ತೆಗೆದೇ ನೋಡಲಿಲ್ಲ ಅನ್ನೋದು ಅಕ್ಕನಿಗೆ ಹೊಳೀತು. ವಾಪಸ್ ಹೋಗೋಣ ಅಂದಳು. ಹೇಳಿ ಹೊರಟ ಮನೆಗೆ ಅದೇ ದಿನ ತಿರುಗಿ ಹೋಗಬಾರದು ಅಂದರು ಭಾವ. ಮುಂದಿನ ಭಾನುವಾರ ಮತ್ತೆ ಹೋದೆವು. ಆವತ್ತು ಕಡುಬು.

ಬಂದ ಕೂಡಲೇ ಹುಡುಗಿ ಬಾಗಿಲಿಗೆ ಬಂದು, ‘ಸಿಲಬಸ್ ಹೆಂಗಿದೆ ಮಾಮ?’ ಅಂದಳು.

‘ಬಹಳ ಒಳ್ಳೇ ಜನ ಕಣಮ್ಮ’ ಅಂದೆ.

ಕುಣಿಗಲ್ ಕಡೆಯ ಹೂವಿನ ಪ್ರಸಾದ

ದಸರಾ ಬಂದೇಬಿಡ್ತು. ಗುಬ್ಬಿಯವರದು, ಸರ್ಕಾರದ ಪಠ್ಯಪುಸ್ತಕ, ಕಂಪ್ಯೂಟರಲ್ಲಿ ಕಲಿಸೋದು ಇನ್ನೊಂದು, ಹೀಗೆ ಮೂರು ಉಳಿದಿದ್ದವು. ಮನುಷ್ಯರ ಕೈಲಿ ಆಗಲ್ಲ ಅಂತ ಅಕ್ಕ ಎಲ್ಲರನ್ನೂ ಕುಣಿಗಲ್ ಹತ್ತಿರ ಇರೋ ಭಾವನ ಮನೆದೇವರಿಗೆ ಕರ್ಕೊಂಡು ಹೋದಳು. ಅಲ್ಲಿ ದೇವರ ಮೈಮೇಲೆ ಹೂವಿಟ್ಟು ಕೇಳಿದರೆ ಬಲಗಡೆ ಬಿದ್ದದ್ದು ಆಗಲಿ ಅಂತ, ಎಡಗಡೆ ಬಿದ್ದದ್ದು ಬೇಡ ಅಂತ.

ಪೂಜಾರಪ್ಪ ಮೂರು ಸಿಲಬಸ್ಸನ್ನೂ ಒಂದೊಂದಾಗಿ ಕೇಳಿದರು. ಮೂರಕ್ಕೂ ಹೂವು ಬಲಕ್ಕೇ ಬಿತ್ತು. ನನಗೆ ಖುಷಿ, ಮೂರನ್ನೂ ನಾನೇ ಹುಡುಕಿದ್ದಲ್ಲವೇ. ಆಗ ಭಾವ ಮುಂದೆ ಬಂದು, ಹಾಸ್ಟೆಲ್ ಬಗ್ಗೇನೂ ಒಂದು ಮಾತು ಕೇಳಿ ಅಂದರು. ಅದಕ್ಕೂ ಬಲ. ಭಾವ ಕಣ್ಣಿಗೆ ಒತ್ತಿಕೊಂಡು ಆ ಹೂವನ್ನ ಜೇಬಿಗೆ ಹಾಕ್ಕೊಂಡರು. ಸೋಮವಾರವೇ ಹೋಗಿ ಸೇರಿಸಿ ಬರ್ತೀನಿ ಅಂದರು. ಅಕ್ಕನ ಮುಖ ಸಣ್ಣಗಾಯ್ತು.

ಹುಡುಗಿ ಮಾತ್ರ ಗರ್ಭಗುಡಿ ಕಡೆನೇ ನೋಡ್ತಾ ನನ್ನ ಕಿವಿಯಲ್ಲಿ ಹೇಳಿದಳು: ‘ನಾಲ್ಕೂ ಬಲಕ್ಕೇ ಬೀಳೋ ಸಂಭವ ಹದಿನಾರರಲ್ಲಿ ಒಂದು ಮಾಮ. ಆದರೆ ಪೂಜಾರಪ್ಪ ಹೂವು ಇಡ್ತಿರೋದೇ ದೇವರ ಬಲಭುಜದ ಮೇಲೆ.’

ಇದನ್ನ ಪೂಜಾರಪ್ಪನಿಗೆ ತಿಳಿಸೋದು ನನ್ನ ಧರ್ಮ ಅನ್ನಿಸ್ತು, ತಿಳಿಸಿದೆ. ಅವರು ಶಾಂತವಾಗಿ, ‘ಎಡಕ್ಕೆ ಬಿದ್ದರೆ ಭಕ್ತರು ತಿರುಗಿ ಬರೋದಿಲ್ಲ ಸ್ವಾಮಿ’ ಅಂದರು.

ಭಾನುವಾರದ ಪರೀಕ್ಷೆ

ಸೋಮವಾರಕ್ಕೆ ಉಳಿದಿದ್ದು ಒಂದೇ ದಿನ. ಭಾನುವಾರ ಬೆಳಗ್ಗೆ ಅಕ್ಕನ ಮನೆಗೆ ಹೋದಾಗ ಹಾಸ್ಟೆಲ್‌ಗೆ ಟ್ರಂಕು ಕೂಡ ಬಂದಿತ್ತು. ಹುಡುಗಿ ಮೂಲೆಯಲ್ಲಿ ಆ ಕಂಪ್ಯೂಟರ್ ಸಿಲಬಸ್ ತೆಗೆದು ಕೂತಿದ್ದಳು. ಅದು ಶುರುವಿನಲ್ಲೇ ಒಂದು ಪರೀಕ್ಷೆ ಕೊಡುತ್ತೆ, ನೀವು ಯಾವ ಕ್ಲಾಸಿನಿಂದ ಕಲಿಯಬೇಕು ಅಂತ ಹೇಳುತ್ತೆ. ಅವಳಿಗೆ ಹತ್ತನೇ ಕ್ಲಾಸು ಅಂತ ಬಂದಿತ್ತು. ಸುಮ್ನೆ ಹೊಗಳಿ ಸೇರಿಸ್ಕೊಳ್ಳೋ ಬಿಸಿನೆಸ್ ಇದು ಅಂದರು ಭಾವ.

ಹಾಗಾದ್ರೆ ನಾನು ಬರೀತೀನಿ ಅಂತ ಕೂತೆ. ತಪ್ಪು ಉತ್ತರ ಕೊಟ್ಟರೆ ಅದು ಮುಂದಿನ ಪ್ರಶ್ನೆ ಸುಲಭದ್ದು ಕೊಡುತ್ತಂತೆ. ನನಗೆ ಬರ್ತಾ ಬರ್ತಾ ಬಹಳ ಸುಲಭದ ಪ್ರಶ್ನೆಗಳು ಬಂದವು, ನನ್ನ ಮೇಲೆ ಅಷ್ಟು ಗೌರವ ಅದಕ್ಕೆ. ಕೊನೆಗೆ ನಾಲ್ಕನೇ ಕ್ಲಾಸು ಅಂತ ಬರೀತು. ಭಾವ ಸೋಫಾ ಹಿಡ್ಕೊಂಡು ನಕ್ಕರು. ‘ಏಳಯ್ಯ, ಲೆಕ್ಕ ಅಂದ್ರೇನು ಅಂತ ತೋರಿಸ್ತೀನಿ’ ಅಂತ ನನ್ನನ್ನ ಎಬ್ಬಿಸಿ ತಾವು ಕೂತರು.

ಸ್ವಲ್ಪ ಹೊತ್ತಿಗೆ ಅವರಿಗೂ ಗೌರವ ಶುರುವಾಯ್ತು. ಕಡೆಗೆ ಪರದೆ ಮೇಲೆ ಒಂದು ರೊಟ್ಟಿ ಬರೆದು, ಎಷ್ಟು ಭಾಗ ತಿಂದಿದ್ದಾರೆ ಅಂತ ಕೇಳ್ತು. ಆಮೇಲೆ ಮೂರನೇ ಕ್ಲಾಸು ಅಂತ ಹೇಳಿ ನಿಂತಿತು. ಬ್ಯಾಂಕಲ್ಲಿ ಇದನ್ನೆಲ್ಲ ಸಿಸ್ಟಮ್ಮೇ ಮಾಡುತ್ತೆ ಕಣೇ ಅಂದರು ಅಕ್ಕನಿಗೆ. ಕನ್ನಡಕ ಬದಲಾಯಿಸಿ ಇನ್ನೊಂದು ಸಲ ಬರೆದರು. ಅದು ಮನಸ್ಸು ಬದಲಾಯಿಸಲಿಲ್ಲ.

ಹುಡುಗಿ ನಗಲಿಲ್ಲ. ಪಕ್ಕಕ್ಕೆ ಕುರ್ಚಿ ಎಳ್ಕೊಂಡು, ಎಲ್ಲಿ ಜಾರಿದ್ರಿ ನೋಡೋಣ ಅಪ್ಪ ಅಂತ ಆ ಭಿನ್ನರಾಶಿ ಬಿಡಿಸಿ ತೋರಿಸಿದಳು. ಭಾವ ಇನ್ನೊಂದು ಮಾಡಿದರು, ಸರಿ ಬಂತು. ಮತ್ತೊಂದು. ಅಕ್ಕ ಊಟಕ್ಕೆ ಕರೆದರೆ, ಇರೇ, ಇದೊಂದು ಮುಗೀಲಿ ಅಂದರು.

‘ನನಗೆ ಇದೇ ಇರಲಿ ಮಾಮ. ಅಪ್ಪನಿಗೇ ಹೆದರಲಿಲ್ಲ ಇದು’ ಅಂದಳು ಹುಡುಗಿ.

ಸಂಜೆ ಭಾವ ಹಾಸ್ಟೆಲ್‌ಗೆ ಫೋನ್ ಮಾಡಿ, ಮಗಳು ಬರೋದಿಲ್ಲ ಅಂದರು. ಯಾಕೆ ಸಾರ್ ಅಂತ ಕೇಳಿರಬೇಕು. ಸ್ವಲ್ಪ ತಡವರಿಸಿ, ‘ಮನೇಲಿ ಪಾಠ ಮಾಡೋರು ಬೇಕಲ್ಲ’ ಅಂದರು.

ಅಕ್ಕನ ಮದುವೆಯಾದಾಗಿನಿಂದ ನಾನು ಭಾವನ ಎದುರು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ಈಗ ಅವರು ದಿನಾ ಬೆಳಗ್ಗೆ ಬ್ಯಾಂಕಿಗೆ ಹೋಗೋ ಮೊದಲು ನನಗೆ ಫೋನ್ ಮಾಡಿ, ಛೇದ ಅಂದರೆ ಮೇಲಿನದೋ ಕೆಳಗಿನದೋ ಅಂತ ಕೇಳ್ತಾರೆ. ನನಗೂ ಗೊತ್ತಿಲ್ಲ. ಆದರೂ ನಾಲ್ಕನೇ ಕ್ಲಾಸಿನವನು ಮೂರನೇ ಕ್ಲಾಸಿನವನ ಮುಂದೆ ಅದನ್ನ ಹೇಳೋಕಾಗುತ್ತಾ? ‘ಮುಂದಿನ ವರ್ಷ ಬರುತ್ತೆ ಭಾವ, ಅವಸರ ಮಾಡಬೇಡಿ’ ಅಂತೀನಿ.